ಶಿಂಕಟೀಗ್‌ನಲ್ಲಿ ಬಾಡಿಗೆ ಸೈಕಲ್: ಮಧ್ಯಾಹ್ನ 3 ಗಂಟೆವರೆಗೂ ಕಾರು ಬಿಡದ ರಸ್ತೆ

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ಅಲ್ಲಿ ತೋರಿಸುವ ಜಾಗಗಳು ಹೆಚ್ಚುಕಡಿಮೆ ಒಂದೇ. ನಯಾಗರಾ, ನ್ಯೂಯಾರ್ಕ್, ವಾಷಿಂಗ್ಟನ್ನಿನ ಮ್ಯೂಸಿಯಂಗಳು, ಒಂದೆರಡು ದೇವಸ್ಥಾನ. ಎಲ್ಲವೂ ನೋಡಬೇಕಾದವೇ. ಆದರೆ ಮಕ್ಕಳು ಮೇರಿಲ್ಯಾಂಡ್, ವರ್ಜೀನಿಯಾ ಕಡೆ ಇದ್ದರೆ ಇನ್ನೊಂದು ಊರಿನ ಹೆಸರು ಹೇಳಿ, ಅಲ್ಲಿಗೂ ಕರೆದುಕೊಂಡು ಹೋಗಿ ಅಂತ ಕೇಳಿ. ಶಿಂಕಟೀಗ್. ಸಮುದ್ರದ ಅಂಚಿನ ದ್ವೀಪ. ಪಕ್ಕದಲ್ಲೇ ವನ್ಯಧಾಮ. ಅದರೊಳಗೆ ಸೈಕಲ್‌ನಲ್ಲಿ ಇಡೀ ದಿನ ಸುತ್ತಬಹುದು. ಅರವತ್ತು ದಾಟಿದವರೂ ಸುತ್ತಬಹುದು. ನಾವು ಸುತ್ತಿದೆವು.

ಬನಶಂಕರಿಯಲ್ಲಿ ನನ್ನ ಜೊತೆ ಬೆಳಗಿನ ವಾಕಿಂಗ್ ಮಾಡುವವರೆಲ್ಲ ಇದನ್ನು ವಿವರವಾಗಿ ಬರೆದುಕೊಡಿ ಎಂದರು. ಅವರಲ್ಲಿ ಹಲವರಿಗೆ ಬರುವ ವರ್ಷದ ಟಿಕೆಟ್ ಆಗಿದೆ. ಅದಕ್ಕೇ ಅಂಗಡಿಯಿಂದ ಹಿಡಿದು ಸೊಳ್ಳೆಯವರೆಗೆ ಎಲ್ಲವನ್ನೂ ಬರೆಯುತ್ತಿದ್ದೇನೆ.

ಮೊದಲು ಜಾಗದ ಲೆಕ್ಕ. ಇಲ್ಲಿ ದ್ವೀಪಗಳು ಎರಡು. ಜನ ಇರುವ ಊರು ಶಿಂಕಟೀಗ್ ದ್ವೀಪದ ಮೇಲಿದೆ. ಅದರ ಪೂರ್ವಕ್ಕೆ, ಒಂದು ಕಾಲುವೆಯಷ್ಟು ನೀರು ದಾಟಿದರೆ, ಅಸಟೀಗ್ ಎಂಬ ಉದ್ದನೆಯ ಮರಳಿನ ದ್ವೀಪ. ಸುಮಾರು 60 ಕಿಲೋಮೀಟರ್ ಉದ್ದ, ಅಗಲ ಕಡಿಮೆ. ಅಟ್ಲಾಂಟಿಕ್ ಸಾಗರದ ಅಲೆಗಳಿಗೆ ಮೊದಲು ಎದೆಕೊಡುವುದು ಅದೇ. ಆ ದ್ವೀಪದ ಉತ್ತರದ ಭಾಗ ಮೇರಿಲ್ಯಾಂಡಿಗೆ, ದಕ್ಷಿಣದ ಭಾಗ ವರ್ಜೀನಿಯಾಕ್ಕೆ ಸೇರಿದೆ. ವರ್ಜೀನಿಯಾ ಭಾಗದಲ್ಲಿರುವುದೇ ಶಿಂಕಟೀಗ್ ರಾಷ್ಟ್ರೀಯ ವನ್ಯಜೀವಿ ಧಾಮ. 1943ರಲ್ಲಿ ಶುರುವಾಯಿತು. ವಲಸೆ ಹಕ್ಕಿಗಳಿಗೆ, ಅದರಲ್ಲೂ ಚಳಿಗಾಲಕ್ಕೆ ಬರುವ ಹಿಮ ಬಾತುಗಳಿಗೆ ಜಾಗ ಬೇಕು ಎಂದು ಮಾಡಿದ್ದು. 14 ಸಾವಿರ ಎಕರೆಗೂ ಜಾಸ್ತಿ. ನಮ್ಮ ಲಾಲ್‌ಬಾಗ್ 240 ಎಕರೆ ಅಂದರೆ ಅಂದಾಜು ಸಿಗುತ್ತದೆ.

ವಾಷಿಂಗ್ಟನ್ ಕಡೆಯಿಂದ ಕಾರಿನಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ ದಾರಿ. ಚೆಸಪೀಕ್ ಕೊಲ್ಲಿಯ ಮೇಲೆ ಸುಮಾರು 7 ಕಿಲೋಮೀಟರಿನ ಸೇತುವೆ ದಾಟಬೇಕು. ಆಮೇಲೆ ಜೋಳದ ಹೊಲ, ಸೋಯಾ ಹೊಲ, ಕೋಳಿ ಫಾರಂ. ಊರು ಹತ್ತಿರ ಬಂದಾಗ ರಸ್ತೆ ಪಕ್ಕದಲ್ಲೇ ನಾಸಾದವರ ವಾಲಪ್ಸ್ ರಾಕೆಟ್ ಕೇಂದ್ರ ಸಿಗುತ್ತದೆ. ಇಸ್ರೋದಲ್ಲಿ ಕೆಲಸ ಮಾಡಿದವರು ಮನೆಯಲ್ಲಿದ್ದರೆ ಅಲ್ಲೊಂದು ನಿಲುಗಡೆ ಖಂಡಿತ. ಹೋಗಿ ಬರುವುದನ್ನು ಒಂದೇ ದಿನದಲ್ಲಿ ಮುಗಿಸಬೇಡಿ. ರಾತ್ರಿ ಉಳಿಯಿರಿ. ಸೈಕಲ್ಲಿಗೆ ಬೆಳಗಿನ ಹೊತ್ತೇ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಅಂಗಡಿ. ವನ್ಯಧಾಮಕ್ಕೆ ಹೋಗುವ ಮುಖ್ಯರಸ್ತೆಯ ಮೇಲೆ ಸೈಕಲ್ ಬಾಡಿಗೆ ಅಂಗಡಿಗಳಿವೆ. ನಾನು ಚಿಕ್ಕವಳಿದ್ದಾಗ ಚನ್ನಪಟ್ಟಣದಲ್ಲಿ ಗಂಟೆ ಬಾಡಿಗೆಗೆ ಸೈಕಲ್ ತಂದು ಕಲಿತವಳು. ಅಂಗಡಿಯ ಮುಂದೆ ಸಾಲಾಗಿ ನಿಂತ ಸೈಕಲ್ ನೋಡಿದರೆ ಈಗಲೂ ಕೈ ಹ್ಯಾಂಡಲ್ ಕಡೆಗೇ ಹೋಗುತ್ತದೆ. ಇಲ್ಲಿನ ಸೈಕಲ್ಲುಗಳು ದಪ್ಪ ಟೈರಿನವು. ಹ್ಯಾಂಡಲ್ ಅಗಲ, ಸೀಟು ಅಗಲ, ಬೆನ್ನು ನೇರ ಮಾಡಿಕೊಂಡು ಕೂರಬಹುದು. ಗೇರ್ ಇಲ್ಲ. ಗೇರ್ ಬೇಕಾಗುವುದೂ ಇಲ್ಲ, ಇಡೀ ದ್ವೀಪದಲ್ಲಿ ಏರು ಅನ್ನುವುದೇ ಇಲ್ಲ. ಇದ್ದರೆ ಅಸಟೀಗಿಗೆ ದಾಟುವ ಸೇತುವೆ ಒಂದೇ.

ಒಂದು ವಿಷಯ ಮಾತ್ರ ನಮ್ಮವರಿಗೆ ಹೊಸದು. ಬ್ರೇಕು. ಹ್ಯಾಂಡಲ್ ಮೇಲೆ ಬ್ರೇಕಿನ ಹಿಡಿಯೇ ಇಲ್ಲ! ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ನಿಲ್ಲುತ್ತದೆ. ನಮ್ಮ ಸೈಕಲ್ಲಿನಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿದರೆ ಟಿಕ್ ಟಿಕ್ ಸದ್ದು ಬರುತ್ತದೆ ಅಷ್ಟೇ, ಅಲ್ವಾ? ಹಾಗಾಗಿ ಸುಮ್ನೆ ಕಾಲಾಡಿಸುವ ಅಭ್ಯಾಸ ಇದ್ದವರಿಗೆ ಇಲ್ಲಿ ಸೈಕಲ್ ಗಕ್ಕನೆ ನಿಲ್ಲುತ್ತದೆ. ಮಗಳು ಅಂಗಡಿಯ ಅಂಗಳದಲ್ಲೇ ಪಕ್ಕದಲ್ಲಿ ನಡೆಯುತ್ತಾ ಹೇಳಿಕೊಟ್ಟಳು. "ಅಮ್ಮಾ, ಕೈ ಮರೆತುಬಿಡು. ಕಾಲು ಹಿಂದಕ್ಕೆ ಒತ್ತು. ನಿಧಾನಕ್ಕೆ ಒತ್ತು." ಎರಡು ಸುತ್ತು ಹಾಕುವಷ್ಟರಲ್ಲಿ ಕಾಲಿಗೆ ಗೊತ್ತಾಯಿತು. ನೀವೂ ರಸ್ತೆಗೆ ಇಳಿಯುವ ಮೊದಲು ಅಂಗಡಿಯ ಮುಂದೆಯೇ ಅಭ್ಯಾಸ ಮಾಡಿಕೊಳ್ಳಿ. ನಿಲ್ಲಿಸಿ ಹೊರಡುವಾಗ ಪೆಡಲನ್ನು ಮೇಲೆ ತಂದುಕೊಳ್ಳಲು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಸೈಕಲ್ಲನ್ನೇ ಒಂದು ಹೆಜ್ಜೆ ಮುಂದಕ್ಕೆ ತಳ್ಳಬೇಕು. ಇದು ಗೊತ್ತಿದ್ದರೆ ಅರ್ಧ ಭಯ ಕಡಿಮೆ.

ನಮ್ಮ ಯಜಮಾನರಿಗೆ ಮಂಡಿ ನೋವು. ಕಾಲೆತ್ತಿ ಸೈಕಲ್ ಹತ್ತುವುದು, ನಿಲ್ಲಿಸಿದಾಗ ಒಂದು ಕಾಲಿನ ಮೇಲೆ ಭಾರ ಬಿಡುವುದು ಕಷ್ಟ. ಅವರು ಮೂರು ಚಕ್ರದ ಸೈಕಲ್ ತೆಗೆದುಕೊಂಡರು. ದೊಡ್ಡವರಿಗೆಂದೇ ಮಾಡಿದ್ದು. ಹಿಂದೆ ದೊಡ್ಡ ಬುಟ್ಟಿ, ನಮ್ಮ ಊಟದ ಡಬ್ಬಿ, ನೀರು, ಬೈನಾಕ್ಯುಲರ್ ಎಲ್ಲ ಅದರಲ್ಲೇ ಹಿಡಿಸಿತು. "ಏನ್ರೀ, ಹೇಗಿದೆ?" ಅಂದೆ. "ಕುರ್ಚಿ ಮೇಲೆ ಕೂತ ಹಾಗಿದೆ ಕಣೇ" ಎಂದರು. ಒಂದು ಎಚ್ಚರಿಕೆ ಇದೆ. ಎರಡು ಚಕ್ರದ ಸೈಕಲ್ ಓಡಿಸಿ ರೂಢಿ ಇದ್ದವರು ತಿರುವಿನಲ್ಲಿ ಮೈ ವಾಲಿಸುತ್ತಾರೆ. ಮೂರು ಚಕ್ರದ್ದು ವಾಲುವುದಿಲ್ಲ. ಹ್ಯಾಂಡಲ್ ತಿರುಗಿಸಿಯೇ ತಿರುಗಬೇಕು. ರಸ್ತೆ ಅಂಚಿಗೆ ಸ್ವಲ್ಪ ಇಳಿಜಾರು ಇದ್ದರೂ ಅದು ಆ ಕಡೆಗೇ ಎಳೆಯುತ್ತದೆ. ಮೊದಲ ಹತ್ತು ನಿಮಿಷ ನಿಧಾನ ಹೋಗಿ ಅಷ್ಟೇ. ಅಳಿಯಂದಿರ ಸೈಕಲ್ಲಿನ ಹಿಂದೆ ಮಕ್ಕಳ ಗಾಡಿ ಕಟ್ಟಿದರು, ಮೊಮ್ಮಗ ಅದರಲ್ಲಿ.

ಅಂಗಡಿಯ ಬಗ್ಗೆ ಒಂದು ದೂರು ಇದೆ. ನನ್ನ ಸೈಕಲ್ಲಿನ ಸೀಟಿನ ಬೋಲ್ಟ್ ಸರಿಯಾಗಿ ಬಿಗಿದಿರಲಿಲ್ಲ. ಅರ್ಧ ದಾರಿಯಲ್ಲಿ ಸೀಟು ಕೆಳಗಿಳಿಯಲು ಶುರುವಾಯಿತು. ಅವರು ಪಂಕ್ಚರ್ ಸಾಮಾನಾಗಲಿ ಸ್ಪ್ಯಾನರ್ ಆಗಲಿ ಕೊಟ್ಟಿರಲಿಲ್ಲ. ಎದುರಿಗೆ ಬಂದ ಸೈಕಲ್‌ನವರೊಬ್ಬರು ನಿಂತು, ತಮ್ಮ ಚೀಲದಿಂದ ಸ್ಪ್ಯಾನರ್ ತೆಗೆದು ಬಿಗಿ ಮಾಡಿಕೊಟ್ಟು ಹೋದರು. ದಿನಕ್ಕೆ ಇಷ್ಟು ಜನಕ್ಕೆ ಸೈಕಲ್ ಕೊಡುವ ಅಂಗಡಿ ಪ್ರತಿ ಸೈಕಲ್ಲಿನ ಸೀಟು, ಗಾಳಿ, ಚೈನು ನೋಡಿಯೇ ಕೊಡಬೇಕು. ವಯಸ್ಸಾದವರು ಓಡಿಸುವಾಗ ಇದು ಸಣ್ಣ ವಿಷಯ ಅಲ್ಲ. ನೀವು ಯಾವ ಅಂಗಡಿಗೆ ಹೋದರೂ ಸೀಟನ್ನು ಎರಡೂ ಕೈಯಿಂದ ಒತ್ತಿ, ತಿರುಗಿಸಿ ನೋಡಿ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಹೆಲ್ಮೆಟ್ ಕೇಳಿ ಪಡೆಯಿರಿ.

ಅಂಗಡಿಯಿಂದ ಹೊರಟರೆ ಸ್ವಲ್ಪ ದೂರದಲ್ಲೇ ಅಸಟೀಗಿಗೆ ಹೋಗುವ ಸೇತುವೆ. ಎರಡೂ ಕಡೆ ಜೌಗು ಹುಲ್ಲು, ಕಣ್ಣು ಹೋದಷ್ಟು ದೂರ ಒಂದೇ ಎತ್ತರ. ಉಬ್ಬರ ಇಳಿದ ಹೊತ್ತಾದರೆ ಕೆಸರಿನ ವಾಸನೆ. ಮಂಗಳೂರು, ಕುಂದಾಪುರದ ಅಳಿವೆ ನೋಡಿದವರಿಗೆ ಅದು ಪರಿಚಯದ ವಾಸನೆಯೇ. ವನ್ಯಧಾಮದ ಗೇಟಿನಲ್ಲಿ ಕಾರಿಗೆ ಪ್ರವೇಶ ಶುಲ್ಕ ಇದೆ. ಸೈಕಲ್‌ನವರಿಗೆ, ನಡೆದು ಬರುವವರಿಗೆ ಇಲ್ಲ. ಕಾರುಗಳು ಸಾಲಿನಲ್ಲಿ ನಿಂತಿದ್ದವು. ನಾವು ಪಕ್ಕದಿಂದ ಹಾಗೇ ಒಳಗೆ ಹೋದೆವು.

ಸ್ವಲ್ಪ ಮುಂದೆ ಎಡಕ್ಕೆ ಸಂದರ್ಶಕರ ಕೇಂದ್ರ. ಅಲ್ಲಿಂದ ಶುರುವಾಗುವುದು ನಾನು ಮುಖ್ಯವಾಗಿ ಹೇಳಬೇಕೆಂದಿರುವ ರಸ್ತೆ. ವೈಲ್ಡ್‌ಲೈಫ್ ಲೂಪ್ ಅಂತ ಹೆಸರು. 3.2 ಮೈಲಿ, ಅಂದರೆ ಸುಮಾರು 5 ಕಿಲೋಮೀಟರಿನ ಒಂದು ಸುತ್ತು. ಒಳ್ಳೆಯ ಡಾಂಬರು. ದೊಡ್ಡ ಕೆರೆಯಂಥ ನೀರಿನ ಸುತ್ತ ಹೋಗುತ್ತದೆ. ಈ ರಸ್ತೆಯಲ್ಲಿ ಬೆಳಗಿನಿಂದ ಮಧ್ಯಾಹ್ನ 3 ಗಂಟೆವರೆಗೆ ಕಾರಿಗೆ ಪ್ರವೇಶ ಇಲ್ಲ. ನಡೆಯುವವರು, ಸೈಕಲ್‌ನವರು ಮಾತ್ರ. 3 ಗಂಟೆಯ ಮೇಲೆ ಗೇಟು ತೆಗೆಯುತ್ತಾರೆ, ಕಾರುಗಳು ಬರುತ್ತವೆ.

ಸುಲಭದ ಸೈಕಲ್ ಸವಾರಿ ಅಂದರೆ ಏನು ಅಂತ ನನಗೆ ಆ ರಸ್ತೆಯ ಮೇಲೆ ಸ್ಪಷ್ಟವಾಯಿತು. ಸಪಾಟು ನೆಲ, ಹಗುರ ಸೈಕಲ್ ಇವೆಲ್ಲ ಆಮೇಲಿನ ಮಾತು. ಹಿಂದಿನಿಂದ ಹಾರನ್ ಬರುವುದಿಲ್ಲ ಅನ್ನುವ ಖಾತ್ರಿ ಇರಬೇಕು. ಬೆಂಗಳೂರಿನಲ್ಲಿ ನಾನು ಈಗಲೂ ಸೈಕಲ್ ಇಟ್ಟುಕೊಂಡಿದ್ದೇನೆ. ಆದರೆ ಓಡಿಸುವಾಗ ನನ್ನ ಗಮನದ ಮುಕ್ಕಾಲು ಭಾಗ ಬೆನ್ನ ಹಿಂದೆ ಇರುತ್ತದೆ. ಬಸ್ಸು ಬಂತೇ, ಆಟೋ ಎಡದಿಂದ ನುಗ್ಗಿತೇ, ನಿಂತ ಕಾರಿನ ಬಾಗಿಲು ತೆರೆಯಿತೇ. ಆ ಮುಕ್ಕಾಲು ಭಾಗ ನನಗೆ ಈ ರಸ್ತೆಯಲ್ಲಿ ವಾಪಸ್ ಸಿಕ್ಕಿತು. ಅದನ್ನೆಲ್ಲ ನೋಡುವುದಕ್ಕೆ, ಕೇಳುವುದಕ್ಕೆ ಇಟ್ಟೆ. ಯಜಮಾನರೂ ನಾನೂ ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ಓಡಿಸಿದೆವು. ಮದುವೆಯಾದ ಹೊಸತರಲ್ಲಿ ಜಾಲಹಳ್ಳಿ ಕಡೆ ಹಾಗೆ ಹೋಗುತ್ತಿದ್ದೆವು. ಅವರು ಎಚ್‌ಎಂಟಿ ಶಿಫ್ಟಿಗೆ ಸೈಕಲ್‌ನಲ್ಲೇ ಹೋಗುತ್ತಿದ್ದ ಕಾಲ ಅದು.

ಇದಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ ಅನ್ನುವುದನ್ನು ಗಮನಿಸಿ. ಹೊಸ ರಸ್ತೆ ಮಾಡಿಲ್ಲ, ಮೇಲ್ಸೇತುವೆ ಕಟ್ಟಿಲ್ಲ. ಇರುವ ರಸ್ತೆಯನ್ನೇ ದಿನದಲ್ಲಿ ಇಷ್ಟು ಹೊತ್ತು ಇವರಿಗೆ, ಇಷ್ಟು ಹೊತ್ತು ಅವರಿಗೆ ಎಂದು ಹಂಚಿದ್ದಾರೆ. ನಡೆಯಲು ಆಗದ, ಸೈಕಲ್ ಹೊಡೆಯಲು ಆಗದ ಹಿರಿಯರೂ ಸಂಜೆ ಕಾರಿನಲ್ಲಿ ಕೂತು ಅದೇ ಹಕ್ಕಿಗಳನ್ನು ನೋಡಬಹುದು. ಯಾರಿಗೂ ಅನ್ಯಾಯ ಆಗಿಲ್ಲ. ನಮ್ಮ ಕಬ್ಬನ್ ಪಾರ್ಕಿನಲ್ಲಿ ಭಾನುವಾರ ವಾಹನ ಬಿಡುವುದಿಲ್ಲ. ಅವತ್ತು ಅಲ್ಲಿ ಎಷ್ಟು ಮಕ್ಕಳು ಸೈಕಲ್ ಕಲಿಯುತ್ತಾರೆ ನೋಡಿದ್ದೀರಲ್ಲ? ಅದೇ ಉಪಾಯ ಇಲ್ಲಿ ವಾರದ ಎಲ್ಲ ದಿನ ನಡೆಯುತ್ತಿದೆ.

ಲೂಪಿನ ಒಳಗಿರುವ ನೀರಿಗೆ ಸ್ನೋ ಗೂಸ್ ಪೂಲ್ ಅಂತ ಹೆಸರು. ನೋಡಿದರೆ ಸಹಜವಾದ ಕೆರೆಯ ಹಾಗೆ ಕಾಣುತ್ತದೆ. ನಿಜವಾಗಿ ಏರಿ ಹಾಕಿ, ತೂಬು ಇಟ್ಟು ನಿಲ್ಲಿಸಿದ ನೀರು. ನೀರಿನ ಮಟ್ಟವನ್ನು ಹಕ್ಕಿಗಳ ಕ್ಯಾಲೆಂಡರಿಗೆ ಸರಿಯಾಗಿ ಏರಿಸಿ ಇಳಿಸುತ್ತಾರೆ. ವಸಂತದ ಹೊತ್ತಿಗೆ ನೀರು ಇಳಿಸಿದರೆ ಕೆಸರಿನ ತಳ ಹೊರಬರುತ್ತದೆ. ದಡದ ಮೇಲೆ ಓಡಾಡಿ ಹುಳು ಹೆಕ್ಕುವ ಸಣ್ಣ ಕಾಲಿನ ಹಕ್ಕಿಗಳಿಗೆ ಅದೇ ಊಟದ ಎಲೆ. ಬೇಸಿಗೆಯಲ್ಲಿ ಆ ತೇವದ ನೆಲದಲ್ಲಿ ಹುಲ್ಲು, ಬೀಜದ ಗಿಡ ಬೆಳೆಯುತ್ತವೆ. ಚಳಿಗಾಲದ ಮೊದಲು ಮತ್ತೆ ನೀರು ತುಂಬಿಸಿದರೆ ಆ ಬೀಜ ತಿನ್ನಲು ಬಾತುಗಳು ಇಳಿಯುತ್ತವೆ.

ಇದನ್ನು ತಿಳಿದಾಗ ನನಗೆ ನಮ್ಮ ಬೆಂಗಳೂರಿನ ಕೆರೆಗಳ ಬಗ್ಗೆ ಹೊಟ್ಟೆಯುರಿಯಿತು. ಏರಿ, ತೂಬು, ಕೋಡಿ ನಮಗೆ ಹೊಸದೇನೂ ಅಲ್ಲ, ನಮ್ಮ ಹಿರಿಯರ ವಿದ್ಯೆ. ಆದರೆ ಕೆರೆ ಅಭಿವೃದ್ಧಿ ಎಂದು ಎಷ್ಟೋ ಕಡೆ ಹೂಳೆತ್ತುವಾಗ ಅಂಚನ್ನು ಕಡಿದಾಗಿ ತೋಡಿ, ಸುತ್ತ ನಡಿಗೆ ಪಥ ಹಾಕಿಬಿಡುತ್ತೇವೆ. ವರ್ಷಪೂರ್ತಿ ಒಂದೇ ಮಟ್ಟದ ನೀರು. ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನು ಹಿಡಿಯುವ ಕೊಕ್ಕರೆ ಎಲ್ಲಿ ನಿಲ್ಲಬೇಕು? ಜಕ್ಕೂರು ಕೆರೆಯಲ್ಲಿ ನೀರು ಒಳಬರುವ ಕಡೆ ಜೌಗು ಭಾಗ ಉಳಿಸಿದ್ದಾರೆ. ಅಲ್ಲಿ ಹಕ್ಕಿ ಎಷ್ಟು ಬರುತ್ತವೆ ನೋಡಿ. ಅಂಚು ಉಳಿದರೆ ಹಕ್ಕಿ ಉಳಿಯುತ್ತದೆ.

ನಾವು ಹೋದದ್ದು ಸೆಪ್ಟೆಂಬರಿನಲ್ಲಿ. ಬಾತುಗಳು ಇನ್ನೂ ಬಂದಿರಲಿಲ್ಲ. ಆದರೆ ಬೆಳ್ಳಕ್ಕಿಗಳು ಬೇಕಾದಷ್ಟಿದ್ದವು. ಲೂಪಿನ ಒಂದು ತಿರುವಿನಲ್ಲಿ, ರಸ್ತೆಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಸಣ್ಣ ಬೆಳ್ಳಕ್ಕಿ ನಿಂತಿತ್ತು. ಸ್ನೋಯಿ ಈಗ್ರೆಟ್ ಅನ್ನುತ್ತಾರೆ. ಸೈಕಲ್ ನಿಲ್ಲಿಸಿದೆವು, ಅದು ಕದಲಲಿಲ್ಲ. ಕಪ್ಪು ಕೊಕ್ಕು, ಕಪ್ಪು ಕಾಲು, ಆದರೆ ಪಾದ ಮಾತ್ರ ಅರಿಶಿನದ ಬಣ್ಣ. ಒಂದು ಕಾಲನ್ನು ಮುಂದಕ್ಕೆ ಚಾಚಿ ನೀರಿನ ತಳದಲ್ಲಿ ನಡುಗಿಸಿತು. ಕೆಸರು ಎದ್ದಿತು. ಕತ್ತನ್ನು ಒಂದು ಪಕ್ಕಕ್ಕೆ ಬಾಗಿಸಿ ನೋಡಿತು. ಏನೂ ಬರಲಿಲ್ಲ. ಒಂದು ಹೆಜ್ಜೆ ಸರಿದು ಮತ್ತೆ ಕಾಲು ನಡುಗಿಸಿತು. ಈ ಸಲ ಕೊಕ್ಕು ಹೋದದ್ದೇ ಕಾಣಲಿಲ್ಲ, ಮೀನಿನ ಬಾಲ ಮಾತ್ರ ಕಂಡಿತು. ನಮ್ಮ ಕೆರೆಗಳ ಸಣ್ಣ ಬೆಳ್ಳಕ್ಕಿಗೂ ಇದೇ ಕಪ್ಪು ಕಾಲು, ಹಳದಿ ಪಾದ. ಜಾತಿ ಬೇರೆ, ಹತ್ತಿರದ ನೆಂಟರು. ಮೊಮ್ಮಗ ತನ್ನ ಗಾಡಿಯಿಂದ ಇಳಿದು ರಸ್ತೆ ಮೇಲೆ ಅದೇ ಥರ ಕಾಲು ನಡುಗಿಸಿದ. ಇದನ್ನು ಕಾರಿನ ಕಿಟಕಿಯಿಂದ ನೋಡಲು ಆಗುತ್ತಿರಲಿಲ್ಲ. ಹಿಂದಿನ ಕಾರಿನವರು ಬಿಡುತ್ತಿರಲಿಲ್ಲ.

ದೊಡ್ಡ ಬೆಳ್ಳಕ್ಕಿ, ಹೊಳೆಯುವ ಮೈಯ ಮಿಂಚು ಕೆಂಬರಲು, ಮೀನು ಹಿಡಿಯುವ ಡೇಗೆ, ಇವೂ ಇದ್ದವು. ಈ ಮೂರೂ ಕರ್ನಾಟಕದಲ್ಲೂ ಕಾಣುವ ಹಕ್ಕಿಗಳೇ. ರಂಗನತಿಟ್ಟಿನ ದೋಣಿಯಲ್ಲಿ ಕೂತು ನೋಡಿದವರಿಗೆ ಇಲ್ಲಿ ಹಳೇ ಪರಿಚಯದವರು ಸಿಕ್ಕ ಖುಷಿ ಆಗುತ್ತದೆ. ಸೆಪ್ಟೆಂಬರಿನಲ್ಲಿ ಇನ್ನೊಂದು ವಿಶೇಷ ಇದೆ. ಕಿತ್ತಳೆ ಬಣ್ಣದ ಮೊನಾರ್ಕ್ ಚಿಟ್ಟೆಗಳು ಕರಾವಳಿ ಹಿಡಿದು ದಕ್ಷಿಣಕ್ಕೆ, ಮೆಕ್ಸಿಕೋ ಕಡೆಗೆ ಹೊರಟಿರುತ್ತವೆ. ಸಮುದ್ರದ ಹತ್ತಿರ ಹಳದಿ ಹೂವಿನ ಗಿಡಗಳ ಮೇಲೆ ಕೂತು ಸುಧಾರಿಸಿಕೊಳ್ಳುತ್ತವೆ. ಸೈಕಲ್ ನಿಧಾನ ಮಾಡಿದರೆ ಸಾಕು, ಪಕ್ಕದಲ್ಲೇ ಹಾರುತ್ತವೆ.

ಇನ್ನು ಕುದುರೆ. ಶಿಂಕಟೀಗ್ ಹೆಸರು ಅಮೆರಿಕದವರಿಗೆಲ್ಲ ಗೊತ್ತಿರುವುದು ಈ ಕುದುರೆಗಳಿಂದ. ಗಿಡ್ಡ ಜಾತಿ, ಕಾಡಿನಲ್ಲಿ ತಮ್ಮ ಪಾಡಿಗೆ ಮೇಯುತ್ತವೆ. ಸುಮಾರು 2.5 ಕಿಲೋಮೀಟರಿನ ವುಡ್‌ಲ್ಯಾಂಡ್ ಟ್ರೇಲ್ ಅನ್ನುವ ಇನ್ನೊಂದು ಡಾಂಬರು ದಾರಿ ಪೈನ್ ಮರಗಳ ನಡುವೆ ಹೋಗುತ್ತದೆ. ಅಲ್ಲೂ ಸೈಕಲ್ ಬಿಡುತ್ತಾರೆ. ನಡುವೆ ಒಂದು ಅಟ್ಟಣೆ ಇದೆ. ಅಲ್ಲಿಂದ ಜೌಗಿನಲ್ಲಿ ಮೇಯುವ ಕುದುರೆಗಳು ಕಾಣುತ್ತವೆ. ಬರಿಗಣ್ಣಿಗೆ ದೂರ, ಬೈನಾಕ್ಯುಲರ್ ಇದ್ದರೆ ಚೆನ್ನ. ಎಲ್ಲದರ ಹೊಟ್ಟೆಯೂ ಗುಂಡಗೆ ಉಬ್ಬಿರುತ್ತದೆ. ಗಬ್ಬದ ಕುದುರೆಗಳು ಅಂದುಕೊಂಡರು ನಮ್ಮ ಪಕ್ಕದಲ್ಲಿದ್ದವರು. ಹಾಗಲ್ಲ. ತಿನ್ನುವುದು ಉಪ್ಪು ಜೌಗಿನ ಹುಲ್ಲು. ಆ ಉಪ್ಪಿಗೆ ಬೇರೆ ಕುದುರೆಗಳಿಗಿಂತ ಎರಡು ಪಟ್ಟು ನೀರು ಕುಡಿಯುತ್ತವೆ. ಅದಕ್ಕೆ ಆ ಹೊಟ್ಟೆ. ಅವುಗಳ ಕಾಲ ಬುಡದಲ್ಲಿ ಗೋವಕ್ಕಿಗಳು ನಡೆಯುತ್ತಿದ್ದವು, ನಮ್ಮಲ್ಲಿ ಎಮ್ಮೆಯ ಹಿಂದೆ ನಡೆಯುವ ಹಾಗೆಯೇ. ಆ ಹಕ್ಕಿಗಳು ಅಮೆರಿಕದ ಮೂಲದವಲ್ಲ. ಆಫ್ರಿಕಾದಿಂದ ಸಾಗರ ದಾಟಿ ತಾವೇ ಹಾರಿ ಬಂದು ನೆಲೆಸಿದವು.

ಕುದುರೆಗಳು ಹೇಗೆ ಬಂದವು ಅನ್ನುವುದಕ್ಕೆ ಎರಡು ಮಾತಿದೆ. ಮುಳುಗಿದ ಸ್ಪೇನಿನ ಹಡಗಿನಿಂದ ಈಜಿ ದಡ ಸೇರಿದವು ಎಂದು ಊರಿನವರ ಮಾತು. 17ನೇ ಶತಮಾನದಲ್ಲಿ ಇಲ್ಲಿನ ರೈತರು ತೆರಿಗೆ, ಬೇಲಿಯ ಕಾನೂನು ತಪ್ಪಿಸಲು ದನ ಕುದುರೆಗಳನ್ನು ದ್ವೀಪಕ್ಕೆ ಬಿಟ್ಟರು ಎಂದು ಇನ್ನೊಂದು. 2022ರಲ್ಲಿ ಒಂದು ಸಂಶೋಧನೆ ಬಂತು. ಹೈಟಿಯಲ್ಲಿ ಸ್ಪೇನಿನವರ ಹಳೇ ಊರಿನ ಅಗೆತದಲ್ಲಿ ಸಿಕ್ಕ 16ನೇ ಶತಮಾನದ ಕುದುರೆಯ ಹಲ್ಲಿನ ಡಿಎನ್‌ಎ ಪರೀಕ್ಷಿಸಿದಾಗ, ಈಗ ಬದುಕಿರುವ ಕುದುರೆಗಳಲ್ಲಿ ಅದಕ್ಕೆ ತೀರಾ ಹತ್ತಿರದವು ಈ ಶಿಂಕಟೀಗ್ ಕುದುರೆಗಳೇ ಎಂದು ಗೊತ್ತಾಯಿತು. ಹಡಗಿನ ಕತೆ ಅದರಿಂದ ಸಾಬೀತಾಗುವುದಿಲ್ಲ. ಆದರೆ ಸ್ಪೇನಿನ ರಕ್ತ ಅನ್ನುವ ಮಾತಿಗೆ ಬಲ ಬಂತು.

ಈ ಕುದುರೆಗಳ ಮಾಲೀಕರು ಯಾರು ಗೊತ್ತೇ? ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ. ಅಗ್ನಿಶಾಮಕ ವಾಹನಕ್ಕೆ ಹಣ ಬೇಕೆಂದು 1925ರಿಂದ ಮರಿಗಳ ಹರಾಜು ಶುರು ಮಾಡಿದರು. ಈಗಲೂ ಜುಲೈ ಕೊನೆಯ ಬುಧವಾರ ಕುದುರೆಗಳನ್ನು ಅಸಟೀಗಿನಿಂದ ಶಿಂಕಟೀಗಿಗೆ ನೀರಿನಲ್ಲಿ ಈಜಿಸಿ ತರುತ್ತಾರೆ. ಮಾರನೇ ದಿನ ಮರಿಗಳ ಹರಾಜು. ಉಳಿದವು ಮತ್ತೆ ಈಜಿ ವಾಪಸ್. ಹಿಂಡಿನಲ್ಲಿ ದೊಡ್ಡ ಕುದುರೆಗಳು 150ಕ್ಕಿಂತ ಜಾಸ್ತಿ ಇರುವಂತಿಲ್ಲ, ಇಲ್ಲದಿದ್ದರೆ ದ್ವೀಪದ ಹುಲ್ಲು ಉಳಿಯುವುದಿಲ್ಲ. ಹಾಗಾಗಿ ಹರಾಜು ಬರೀ ಹಬ್ಬ ಅಲ್ಲ, ಲೆಕ್ಕವೂ ಹೌದು. ಮೊಮ್ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿ: ಕುದುರೆ ಹತ್ತಿರ ಹೋಗಬಾರದು, ಮುಟ್ಟಬಾರದು, ತಿನ್ನಲು ಕೊಡಬಾರದು. ಸಾಧುವಾಗಿ ಕಾಣುತ್ತವೆ, ಆದರೆ ಕಚ್ಚುತ್ತವೆ, ಒದೆಯುತ್ತವೆ.

ಅದೇ ಪೈನ್ ಕಾಡಿನಲ್ಲಿ ಬೂದು ಬಣ್ಣದ ದೊಡ್ಡ ಅಳಿಲೊಂದು ನೆಲದ ಮೇಲೆ ನಿಧಾನ ನಡೆಯುತ್ತಿದ್ದರೆ ಗಮನಿಸಿ. ಡೆಲ್ಮಾರ್ವಾ ನರಿ ಅಳಿಲು. 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತ್ತು. ಬೇರೆ ಬೇರೆ ಕಾಡುಗಳಿಗೆ ತಂದುಬಿಟ್ಟು, ಕಾಪಾಡಿ, 2015ರಲ್ಲಿ ಪಟ್ಟಿಯಿಂದ ತೆಗೆದರು. ಒಂದು ಪ್ರಾಣಿ ಆ ಪಟ್ಟಿಯಿಂದ ಒಳ್ಳೆಯ ಕಾರಣಕ್ಕೆ ಹೊರಬರುವುದು ಅಪರೂಪ.

ದೀಪಸ್ತಂಭ ಒಂದಿದೆ. ಕೆಂಪು ಬಿಳಿ ಪಟ್ಟೆ, 142 ಅಡಿ ಎತ್ತರ, 1867ರದ್ದು. ಹತ್ತಿರದ ತನಕ ಸೈಕಲ್, ಆಮೇಲೆ ಸ್ವಲ್ಪ ನಡಿಗೆ. ಮಗಳು ಅಳಿಯ ಮೇಲೆ ಹತ್ತಿದರು. ನಾವು ಕೆಳಗೆ ಮರದ ನೆರಳಿನಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿದೆವು.

ಲೂಪಿನಿಂದ ಸ್ವಾನ್ ಕೋವ್ ಟ್ರೇಲ್ ಹಿಡಿದರೆ ಸಮುದ್ರ ತೀರ. ತೀರದಲ್ಲಿ ಹೋಟೆಲ್ ಇಲ್ಲ, ರೆಸಾರ್ಟ್ ಇಲ್ಲ, ದೀಪದ ಕಂಬ ಕೂಡ ಇಲ್ಲ. ಮರಳು, ಹುಲ್ಲು, ಅಲೆ. ದಕ್ಷಿಣದ ತುದಿಯ ಒಂದು ಭಾಗವನ್ನು ವಸಂತದಿಂದ ಬೇಸಿಗೆ ಕೊನೆವರೆಗೆ ಮುಚ್ಚುತ್ತಾರೆ. ಪೈಪಿಂಗ್ ಪ್ಲೋವರ್ ಎಂಬ ಅಂಗೈ ಗಾತ್ರದ ಹಕ್ಕಿ ಬರೀ ಮರಳಿನ ಮೇಲೆ ಮೊಟ್ಟೆ ಇಡುತ್ತದೆ, ಕಾಲಿಗೆ ಸಿಕ್ಕರೂ ಗೊತ್ತಾಗುವುದಿಲ್ಲ. ಸಾವಿರಾರು ಜನ ಬರುವ ಜಾಗದಲ್ಲಿ ಒಂದು ಪುಟ್ಟ ಹಕ್ಕಿಗಾಗಿ ತೀರ ಬಿಟ್ಟುಕೊಡುವುದನ್ನು ಮೆಚ್ಚಲೇಬೇಕು.

ವಾಪಸ್ ಬರುವಾಗ ಗಾಳಿ. ಏರು ಇಲ್ಲದ ಊರಿನಲ್ಲಿ ಗಾಳಿಯೇ ಏರು. ತೀರದಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಜೋರಾಗುತ್ತದೆ, ಎದುರಿಗೆ ಬಂದರೆ ಗೇರ್ ಇಲ್ಲದ ಸೈಕಲ್ ತುಳಿಯುವುದು ಕಷ್ಟ. ಯಜಮಾನರ ಮೂರು ಚಕ್ರದ್ದಂತೂ ಭಾರ, ಅಳಿಯಂದಿರು ಒಂದು ಕೈಯಲ್ಲಿ ತಳ್ಳಿಕೊಂಡು ಬರಬೇಕಾಯಿತು. ಬೆಳಿಗ್ಗೆ ಹೊರಡುವಾಗಲೇ ಗಾಳಿ ಯಾವ ಕಡೆಯಿಂದ ಅಂತ ನೋಡಿ. ಹೋಗುವಾಗ ಎದುರುಗಾಳಿ, ಬರುವಾಗ ಹಿಂದಿನ ಗಾಳಿ ಇದ್ದರೆ ಒಳ್ಳೆಯದು. ಉಲ್ಟಾ ಇದ್ದರೆ ತೀರದವರೆಗೆ ಹೋಗದೆ ಲೂಪ್ ಮತ್ತು ಕಾಡಿನ ದಾರಿಗೇ ನಿಲ್ಲಿಸಿ. ಅಷ್ಟಕ್ಕೇ ದಿನ ತುಂಬುತ್ತದೆ.

ಸೊಳ್ಳೆಯ ವಿಷಯ ಮುಚ್ಚಿಡುವುದಿಲ್ಲ. ಜೌಗು ನೆಲ ಅಂದಮೇಲೆ ಸೊಳ್ಳೆ ಇದ್ದೇ ಇರುತ್ತದೆ. ಆದರೆ ಇಲ್ಲಿನವು ಹಗಲು ಹೊತ್ತಿನಲ್ಲೇ, ಕಾಡಿನ ದಾರಿಯಲ್ಲಿ ಸೈಕಲ್ ನಿಲ್ಲಿಸಿದ ಕೂಡಲೇ ಮುತ್ತುತ್ತವೆ. ಓಡುತ್ತಿರುವಷ್ಟು ಹೊತ್ತು ತೊಂದರೆ ಇಲ್ಲ. ಉದ್ದ ತೋಳಿನ ಬಟ್ಟೆ, ಪೂರ್ತಿ ಪ್ಯಾಂಟು, ಸೊಳ್ಳೆ ಮುಲಾಮು ಮೂರೂ ಬೇಕು. ನಾನು ಚೂಡಿದಾರ್ ಹಾಕಿ, ದುಪಟ್ಟಾ ಬಿಟ್ಟು, ಪ್ಯಾಂಟಿನ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡೆ. ಚೈನಿಗೂ ಸಿಗಲಿಲ್ಲ, ಉಣ್ಣೆಹುಳುವೂ ಹತ್ತಲಿಲ್ಲ. ಉಣ್ಣೆಹುಳು ಇಲ್ಲಿ ನಿಜವಾದ ಅಪಾಯ, ಹುಲ್ಲಿಗೆ ಇಳಿಯಬೇಡಿ. ಸಂಜೆ ಕಾಲು, ಮಂಡಿ ಹಿಂಭಾಗ, ಕತ್ತು ಪರೀಕ್ಷಿಸಿಕೊಳ್ಳಿ. ಲೂಪಿನಲ್ಲಿ ನೆರಳು ಕಡಿಮೆ, ಟೋಪಿ ಬೇಕು. ಒಳಗೆ ತಿಂಡಿ ಮಾರುವವರು ಯಾರೂ ಇಲ್ಲ, ಊಟ ನೀರು ಹೊತ್ತೇ ಹೋಗಬೇಕು. ಶೌಚಾಲಯ ಸಂದರ್ಶಕರ ಕೇಂದ್ರದಲ್ಲಿದೆ, ಹೊರಡುವ ಮೊದಲು ಅಲ್ಲಿಗೆ ಹೋಗಿಬನ್ನಿ. ಮಕ್ಕಳ ಮನೆಯಲ್ಲಿ ನಾಯಿ ಇದ್ದರೆ ಕರೆತರಬೇಡಿ, ಕಾರಿನೊಳಗೆ ಕೂರಿಸಿಕೊಂಡರೂ ಬಿಡುವುದಿಲ್ಲ. ಊರಿನ ಹೋಟೆಲ್‌ಗಳಲ್ಲಿ ಮೀನು, ಸಿಂಪಿಯೇ ಜಾಸ್ತಿ. ಸಸ್ಯಾಹಾರಿಗಳು ಅಡುಗೆಮನೆ ಇರುವ ರೂಮು ಹಿಡಿದರೆ ಅನ್ನ ತಿಳಿಸಾರಿಗೆ ತೊಂದರೆ ಇಲ್ಲ.

ಯಾವಾಗ ಹೋಗಬೇಕು? ಜುಲೈ ಕೊನೆಯ ವಾರ ಸೈಕಲ್ಲಿಗಾಗಿ ಹೋಗಬೇಡಿ. ಕುದುರೆ ಈಜು ನೋಡಲು ಊರು ತುಂಬಿ ಹೋಗಿರುತ್ತದೆ, ರೂಮು ಸಿಗುವುದಿಲ್ಲ. ಮೇ ತಿಂಗಳಲ್ಲಿ ದಡದ ಹಕ್ಕಿಗಳು ಉತ್ತರಕ್ಕೆ ಹೋಗುವ ದಾರಿಯಲ್ಲಿ ಇಳಿಯುತ್ತವೆ, ಹವೆಯೂ ಹಿತ. ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಗಿ ಜನ ಕಡಿಮೆ. ಚಳಿ ತಡೆಯುವವರಾದರೆ ನವೆಂಬರ್, ಡಿಸೆಂಬರ್. ಹಿಮ ಬಾತುಗಳು ಸಾವಿರಗಟ್ಟಲೆ ಇಳಿಯುವುದು ಆಗಲೇ, ಸೊಳ್ಳೆಯೂ ಇರುವುದಿಲ್ಲ. ಆದರೆ ಆ ಹೊತ್ತಿಗೆ ಬಾಡಿಗೆ ಅಂಗಡಿ ತೆರೆದಿದೆಯೇ ಅಂತ ಮಕ್ಕಳಿಂದ ಮೊದಲೇ ಫೋನ್ ಮಾಡಿಸಿ.

ಮೂರು ಚಕ್ರದ ಸೈಕಲ್ ಬೇಕಿದ್ದರೆ ಅದನ್ನೂ ಫೋನಿನಲ್ಲೇ ಹೇಳಿ ಇಡಿಸಿ, ಒಂದು ಅಂಗಡಿಯಲ್ಲಿ ಜಾಸ್ತಿ ಇರುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ತೆಗೆದುಕೊಳ್ಳಿ. ಮೊದಲು ಲೂಪ್, ಆಮೇಲೆ ಕಾಡಿನ ದಾರಿ, ಮಂಡಿ ಚೆನ್ನಾಗಿದ್ದರೆ ಸಮುದ್ರ. 3 ಗಂಟೆಗೆ ಕಾರುಗಳು ಒಳಬರುವ ಹೊತ್ತಿಗೆ ನೀವು ಸೈಕಲ್ ವಾಪಸ್ ಕೊಟ್ಟು ಕಾಫಿ ಕುಡಿಯುತ್ತಿರಬಹುದು.